ಮೂವತ್ತೆರಡು ನಿಮಿಷದ ಮೆಲುದನಿ

ವರದಾಪುರ, ಕ್ರಿ.ಶ. 2191
ನಡುಬಿಸಿಲ ತಿಂಗಳು, 34ನೇ ತಾರೀಖು, ಮಧ್ಯಾಹ್ನ

ಹತ್ತಿ ಗೋದಾಮಿನ ಸಂಗೀತ ಬೈಠಕ್ಕಿಗೆ ಕೂಸನ್ನು ಎತ್ತಿಕೊಂಡು ಬಂದಿದ್ದ ದಾನಕ್ಕನವರಿಗೆ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಏಪ್ರಿಲ್ ಮತ್ತು ಮೇ ಎರಡನ್ನೂ ನಾವು ಕೂಡಿಸಿ ಅರವತ್ತೊಂದು ದಿನದ ಒಂದೇ ತಿಂಗಳು ಮಾಡಿಕೊಂಡಿದ್ದೇವೆ. ಬಿಸಿಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಹೇಗೂ ಗೊತ್ತಾಗುತ್ತಿರಲಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಅದನ್ನೂ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಾಲೇಜಿನಲ್ಲಿ ಓದಿದ್ದೇನೆ, ನಿಜ. ಆದರೆ ಕಲಿತದ್ದು ಮಾತ್ರ ಹಳೆಯ ಮುದ್ರಣಗಳಲ್ಲಿ ಹಾಡಿನ ನಡುವೆ ನೀವೆಲ್ಲ ಪಿಸುಗುಟ್ಟಿದ್ದನ್ನು ಕೇಳಿ ಕೇಳಿ. ನಾನು ಪಾರಿಜಾತಾ ಹಲಗೇರಿ. ಎಂಟು ತಿಂಗಳ ಮಗಳಿದ್ದಾಳೆ, ಹೊನ್ನಿ. ಅವಳು ಹುಟ್ಟಿದಾಗಿನಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ.

ಇಂಥ ಪತ್ರಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ನಿದ್ದೆಗೆಟ್ಟ ತಾಯಂದಿರಿಗೆ ವಾರ್ಡಿನ ದವಾಖಾನೆಯ ಸಿಸ್ಟರು ಬರೆಯಲು ಹೇಳುವ ಪತ್ರ ಇದು. ಹಿಂದಿನ ಕಾಲದ ಯಾರಿಗಾದರೂ ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆದು ಪೆಟ್ಟಿಗೆಗೆ ಹಾಕಬೇಕು. “ಇದ್ದವರಿಗೆ ಬರದ್ರ ತಿರುಗಿ ಉತ್ತರಾ ಬರದು ತಲಿ ತಿಂತಾರ. ಸತ್ತವರಿಗೆ ಬರೀರಿ, ಆರಾಮ ಇರ್ತೈತಿ” ಎಂದರು ಸಿಸ್ಟರು. ಹೆಚ್ಚಿನವರು ತಮ್ಮ ಅಜ್ಜಿಗೋ ಮುತ್ತಜ್ಜಿಗೋ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಮುಖ ನಾನು ನೋಡಿಲ್ಲ. ಕೈತುಂಬ ಗಾಜಿನ ಬಳೆ, ಅದರಲ್ಲಿ ಒಂದು ಮಾತ್ರ ಲೋಹದ್ದು ಎನ್ನುವುದು ಸದ್ದಿನಿಂದ ಗೊತ್ತು. ನಿಮಗೆ ನಾನು ಒಂದು ಅನ್ಯಾಯ ಮಾಡಿದ್ದೇನೆ.

ಮೊದಲು ನಮ್ಮ ದಿನ ಹೇಗಿರುತ್ತದೆ ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಈ ತಿಂಗಳಲ್ಲಿ ಹಗಲು ಹನ್ನೊಂದರಿಂದ ಐದರವರೆಗೆ ಊರಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ. ಓಣಿಗಳ ಮೇಲೆ ಬಟ್ಟೆಯ ಚಪ್ಪರ ಎಳೆದು, ಕಿಟಕಿಗೆ ಒದ್ದೆ ಲಾವಂಚದ ತಟ್ಟಿ ಇಳಿಬಿಟ್ಟು ಎಲ್ಲರೂ ಮಲಗುತ್ತಾರೆ. ಇದಕ್ಕೆ ಹಗಲುಕದ ಎಂದು ಹೆಸರು. ಈಗಲೂ ಹಗಲುಕದ ಬಿದ್ದಿದೆ. ಎದ್ದಿರುವವರು ನಾನು, ಹೊನ್ನಿ, ತಟ್ಟಿಯಿಂದ ತೊಟ್ಟಿಕ್ಕುವ ನೀರು. ಕೆಲಸ ಮನೆಯಲ್ಲೇ, ಶಾಲೆ ಮನೆಯಲ್ಲೇ. ಇನ್ನು ಹಾಡು, ನಾಟಕ, ಕವಿಗೋಷ್ಠಿ, ಗಣಪತಿ ಹಬ್ಬದ ರಂಗೋಲಿ ಸ್ಪರ್ಧೆ ಎಲ್ಲವೂ ಆಲಿಕೆಗೂಡಿನೊಳಗೆ. ಆಲಿಕೆಗೂಡು ಎಂದರೆ ಪ್ರತಿ ಮನೆಯಲ್ಲೂ ಇರುವ, ಒಂದು ದೊಡ್ಡ ಅಲಮಾರಿನಷ್ಟು ಕೋಣೆ. ಗೋಡೆಗೆ ಅರಳೆ ತುಂಬಿದ ಮೆತ್ತೆ. ಒಬ್ಬರು ಒಳಗೆ ಹೋಗಿ ಕದ ಹಾಕಿಕೊಂಡು ಕೂತರೆ ಹಾಡುವವರು ಎಂಜಲು ನುಂಗಿದ್ದೂ ಕೇಳುತ್ತದೆ. ಪಕ್ಕದಲ್ಲಿ ಮಾತ್ರ ಯಾರೂ ಇರುವುದಿಲ್ಲ.

ಸಿಸ್ಟರು ಕೊಡುವ ಇನ್ನೊಂದು ವಸ್ತು ಇಪ್ಪತ್ತು-ದನಿ ಚೀಟಿ. ವರ್ಷ ತುಂಬದ ಕೂಸಿನ ಕಿವಿಗೆ ವಾರಕ್ಕೆ ಇಪ್ಪತ್ತು ಬೇರೆ ಬೇರೆ ಜನರ ಮಾತು ಬೀಳಬೇಕು, ಗೂಡಿನೊಳಗಿನದು ಲೆಕ್ಕಕ್ಕಿಲ್ಲ. ನಾನು, ನನ್ನ ಗಂಡ ಬಸವಂತ, ಸಂಜೆ ಬಂದು ಹೋಗುವ ನಮ್ಮ ಅತ್ತೆ, ಸಿಸ್ಟರು, ನೀರಿನ ಗಾಡಿಯ ಕಸ್ತೂರೆವ್ವ. ಐದು. ಚೀಟಿಯ ಉಳಿದ ಚೌಕಗಳು ಖಾಲಿ. ಕಳೆದ ತಿಂಗಳು ಕಸ್ತೂರೆವ್ವನ ಮಗ ಬಂದು “ಏನ ಮಾಡಾಕತ್ತಾಳ ನಮ್ಮ ಗೊಂಬಿ?” ಎಂದದ್ದಷ್ಟೇ, ಹೊನ್ನಿ ಚೀರಿದ ಚೀರಾಟಕ್ಕೆ ತುಟಿ ನೀಲಿಯಾಯಿತು. ಆರನೆಯ ದನಿ ಅವಳಿಗೆ ಹುಲಿಯ ಹಾಗೆ ಕೇಳಿಸುತ್ತದೆ. ಕಸ್ತೂರೆವ್ವ ಮಗನನ್ನು ಓಣಿಯ ತುದಿಗೆ ಕಳಿಸಿ, “ಇದು ಹುಡುಗಿ ತಪ್ಪಲ್ಲವ್ವಾ, ಮಂದಿನ ನೋಡಿಲ್ಲ ಅದು” ಎಂದಳು. ಆಮೇಲೆ ಅವಳೇ ಮನೆ ಮನೆಗೆ ಹೋಗಿ ಹನ್ನೆರಡು ತಾಯಂದಿರ ಸಹಿ ಹಾಕಿಸಿದಳು: ಹತ್ತಿ ಗೋದಾಮಿನ ತಿಂಗಳ ಬೈಠಕ್ಕಿಗೆ ಕೂಸುಗಳನ್ನು ಕರೆದೊಯ್ಯಲು ಬಿಡಬೇಕು.

ಹೌದು, ನಿಮ್ಮ ಗೋದಾಮು ಇನ್ನೂ ಇದೆ. ಊರಲ್ಲಿ ಜನ ಒಟ್ಟಿಗೆ ಕೂತು ಹಾಡು ಕೇಳುವ ಒಂದೇ ಜಾಗ ಅದು. ಆದರೆ ಹನ್ನೆರಡು ವರ್ಷದೊಳಗಿನವರಿಗೆ ಪ್ರವೇಶವಿಲ್ಲ, ಕೆಮ್ಮು ಇದ್ದವರಿಗೆ ಇಲ್ಲ, ಕೈಗೆ ಬಳೆ ಹಾಕಿಕೊಂಡು ಹೋಗುವಂತಿಲ್ಲ. ನಾಲ್ಕು ವರ್ಷದ ಹಿಂದೆ ಬಂದ ಮೌನ ನಿಯಮ. ಅದು ಬಂದದ್ದು ನನ್ನಿಂದ.

ನಾನು ಶಬ್ದಶೋಧಕಿ. ಹಳೆಯ ಧ್ವನಿಮುದ್ರಣಗಳಿಂದ ಸಂಗೀತವಲ್ಲದ್ದನ್ನೆಲ್ಲ ಹೆಕ್ಕಿ ತೆಗೆಯುವುದು ನನ್ನ ಕೆಲಸ, ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ. ನಿಮ್ಮ ಬೈಠಕ್ಕಿನ ಇನ್ನೂರ ಹನ್ನೆರಡು ಮುದ್ರಣಗಳು ನನ್ನ ಕೈಯಲ್ಲೇ ಶುದ್ಧವಾದವು. ಏಳು ವರ್ಷದ ಹಿಂದಿನ ಮಾತು. ಆಗ ನನಗೆ ಇಪ್ಪತ್ತನಾಲ್ಕು, ಮದುವೆಯಾಗಿರಲಿಲ್ಲ, ಒಳ್ಳೇ ನಿದ್ದೆ ಬರುತ್ತಿತ್ತು. ಅವುಗಳಲ್ಲಿ ಒಂದು 2027ರ ಫೆಬ್ರವರಿ ತಿಂಗಳ ಮೊದಲ ಭಾನುವಾರ, ಮುಂಜಾನೆ ಹತ್ತರದು. ಹಾಡಿದವರು ವಿರೂಪಾಕ್ಷಯ್ಯ ಸಾಲಿಮಠರು, ತಬಲಾ ಅಲ್ತಾಫ್. ನೀವು ಜಮಖಾನೆಯ ಮೇಲೆ ಮೈಕಿನ ಹತ್ತಿರವೇ ಕೂತಿದ್ದಿರಿ.

ನಲವತ್ತೊಂದನೆಯ ನಿಮಿಷಕ್ಕೆ ನಿಮ್ಮ ಮಗಳು ಅಳಲು ಶುರು ಮಾಡಿದಳು. “ಸುಮ್ಕಿರ ಚಂಪೀ, ಸುಮ್ಕಿರ ನನ ಬಂಗಾರಾ” ಎಂದಿರಿ ನೀವು. ಹಿಂದಿನಿಂದ ಒಬ್ಬ ಹಿರಿಯರು, “ಯಾರವ್ವಾ ಅದು? ಕೂಸಿನ ಕಟಗೊಂಡು ಸಂಗೀತಕ್ಕ ಬರ್ತಾರೇನು? ಮನ್ಯಾಗ ಬಿಟ್ಟ ಬರಬೇಕು” ಎಂದು ಗದರಿದರು. ನಿಮ್ಮ ಪಕ್ಕದ ಹೆಂಗಸು ತಿರುಗಿ, “ಯಾಕ್ರಿ ಮಾವಾರ, ನಿಮ್ಮನ್ನ ನಿಮ್ಮವ್ವ ಮೀಸಿ ಸಮೇತ ಹಡದಿದ್ಲೇನು? ಒಂದ ದಿನಾನೂ ಅತ್ತಿಲ್ಲೇನು ನೀವು?” ಎಂದಾಗ ಇಡೀ ಗೋದಾಮು ನಕ್ಕಿತು. ಆ ಹಿರಿಯರೂ ನಕ್ಕರು, ಅವರ ನಗು ಕೆಮ್ಮಾಗಿ ಮುಗಿಯಿತು. ಆದರೆ ನೀವು ನಗಲಿಲ್ಲ. ಬಳೆ ಸದ್ದಾಯಿತು, ಚೀಲದ ಜಿಪ್ಪು ಎಳೆದ ಸದ್ದಾಯಿತು. ಎದ್ದು ಹೊರಟಿದ್ದಿರಿ.

ಆಗ ಸಾಲಿಮಠರು ಹಾಡು ನಿಲ್ಲಿಸಿ, “ಎಲ್ಲಿಗೆ ಹೊಂಟಿ ತಂಗೀ? ಕೂಡ್ರು. ಏನ ಹೆಸರು?” ಎಂದು ಕೇಳಿದರು. ನೀವು ಹೇಳಿದ್ದು ಕೇಳಿಸಲೇ ಇಲ್ಲ, ಅಷ್ಟು ಸಣ್ಣ ದನಿ. ಪಕ್ಕದ ಹೆಂಗಸೇ “ದಾನಕ್ಕ ಅಂತ್ರಿ, ಗೌಳೇರ ಓಣಿಯಾಕಿ. ತಿಂಗಳ ತಿಂಗಳ ಬರ್ತಿದ್ಲು, ಹಡದ ಮ್ಯಾಲೆ ಇವತ್ತ ಮೊದಲನೇ ಸರ್ತಿ ಬಂದಾಳ” ಎಂದು ಕೂಗಿ ಹೇಳಿದಳು. “ಕೂಡ್ರು ದಾನವ್ವಾ. ನನ್ನ ಹಾಡು ಕೇಳಿ ಅಳೋ ಮಂದಿ ಭಾಳ ಅದಾರ, ಈಕಿ ಒಬ್ಬಾಕಿ ಖರೇನ ಅಳ್ತಾಳ, ಅಷ್ಟ” ಎಂದರು ಅವರು. ಮತ್ತೊಮ್ಮೆ ನಗು. ಆಮೇಲೆ ಅವರು ರಾಗವನ್ನೆಲ್ಲ ಪಕ್ಕಕ್ಕಿಟ್ಟು, ಕೆಳಗಿನ ಒಂದೇ ಸ್ವರ ಹಿಡಿದು, ತೊಟ್ಟಿಲು ತೂಗಿದ ಹಾಗೆ ಗುನುಗುತ್ತ ಹೋದರು. ನಡುನಡುವೆ ಮಾತು: “ಕಣ್ಣ ಮುಚ್ಚಿದ್ಲೇನು?” “ಇನ್ನೂ ಇಲ್ರಿ.” “ಈಗ?” “ಒಂದ ಕಣ್ಣ ಮುಚ್ಯಾಳ್ರಿ.” ಹನ್ನೊಂದು ನಿಮಿಷ. ಕೊನೆಗೆ ಚಂಪಿ ಮಲಗಿದಳು. “ಅಲ್ತಾಫ್, ಬೆರಳ ತುದೀಲೆ ಬಾರಸೋ ತಮ್ಮಾ. ಕೂಸ ಎದ್ದರ ನೀನ ತೂಗಬೇಕ ನೋಡು” ಎಂದು ಪಿಸುಗುಟ್ಟಿ, ಮುಂದಿನ ಮೂವತ್ತೆರಡು ನಿಮಿಷ ಅವರು ಪೂರಾ ಹಾಡನ್ನು ಆ ಕೂಸು ಏಳದಷ್ಟು ಮೆಲ್ಲಗೆ ಹಾಡಿದರು. ಜನ ಸೆರಗನ್ನೋ ಟವೆಲನ್ನೋ ಬಾಯಿಗೆ ಒತ್ತಿಕೊಂಡು ಕೆಮ್ಮಿದರು. ಚಪ್ಪಾಳೆಯ ಬದಲು ಯಾರೋ ಚಿಟಿಕೆ ಹೊಡೆದರು, ಉಳಿದವರೂ ಹಾಗೇ ಮಾಡಿದರು. ಜೋಳ ಹುರಿದ ಹಾಗಿತ್ತು ಆ ಸದ್ದು.

ಇದಿಷ್ಟನ್ನೂ ನಾನು ತೆಗೆದುಹಾಕಿದೆ. ಅಳು, ಬೈಗುಳ, ನಗು, ಆ ಹನ್ನೊಂದು ನಿಮಿಷ, ಚಿಟಿಕೆ, ನೂರ ಏಳು ಕೆಮ್ಮು. ನಿಯಮದ ಪ್ರಕಾರ ಮೂಲ ಪ್ರತಿಯನ್ನು ನಲವತ್ತು ದಿನ ಇಟ್ಟುಕೊಂಡು ನಂತರ ಅಳಿಸಬೇಕು. ಅದನ್ನೂ ನಾನೇ ಅಳಿಸಿದೆ. ನಿಯಮವಿತ್ತು ಎಂದು ಹೇಳಿ ನಾನು ತಪ್ಪಿಸಿಕೊಳ್ಳಬಹುದು. ಆದರೆ ನಿಜ ಹೇಳಬೇಕೆಂದರೆ, ಆ ಅಳು ಕೇಳಿ ನನಗೆ ಸಿಟ್ಟು ಬಂದಿತ್ತು. ಇಷ್ಟು ಚಂದದ ಹಾಡಿನ ನಡುವೆ ಈ ಹೆಂಗಸು ಯಾಕೆ ಕೂಸು ತಂದಳು ಎಂದು ಗೂಡಿನೊಳಗೆ ಒಬ್ಬಳೇ ಕೂತು ಬೈದುಕೊಂಡಿದ್ದೆ. ಆ ಹಿರಿಯರನ್ನು ನೀವೆಲ್ಲ ನಕ್ಕು ಸುಮ್ಮನಾಗಿಸಿದಿರಿ. ನನ್ನನ್ನು ನಗಿಸುವವರು ಪಕ್ಕದಲ್ಲಿ ಇರಲಿಲ್ಲ.

ಶುದ್ಧವಾದ ಪ್ರತಿ ಹೊರಬಂದಾಗ ಊರೇ ಬೆರಗಾಯಿತು. ಮೂವತ್ತೆರಡು ನಿಮಿಷ ಒಬ್ಬ ಗಾಯಕರು ಇಷ್ಟು ಮೆಲ್ಲಗೆ ಯಾಕೆ ಹಾಡಿದರು? ಅಂತರ್ಮುಖವಾದ ಸಾಧನೆ ಎಂದರು ಒಬ್ಬ ವಿದ್ವಾಂಸರು, ಮರಣದ ಮುನ್ಸೂಚನೆ ಎಂದು ಬರೆದರು ಇನ್ನೊಬ್ಬರು. ಮೆಲುದನಿ ಎಂಬ ಪಂಥವೇ ಹುಟ್ಟಿತು. ನಮ್ಮ ಊರಿನ ಗಾಯಕರು ಈಗ ಹಾಡುವುದೇ ಹಾಗೆ. ಹಾಡು ಅಷ್ಟು ಮೆಲ್ಲಗಾದ ಮೇಲೆ ಕೇಳುವವರು ಉಸಿರು ಬಿಗಿಹಿಡಿಯಬೇಕಾಯಿತು, ಮೌನ ನಿಯಮ ಬಂತು, ಕೂಸುಗಳು ಹೊರಗುಳಿದವು. ಒಂದು ಕೂಸು ಮಲಗಲಿ ಎಂದು ತಗ್ಗಿದ ದನಿಯನ್ನೇ ಹಿಡಿದು ಕೂಸುಗಳನ್ನು ಹೊರಗೆ ಹಾಕಿದೆವು. ನನಗೆ ಬಹುಮಾನ ಬಂತು. ಗೋಡೆಯ ಮೇಲಿದೆ. ಹೊನ್ನಿಯನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡುವಾಗ ಪ್ರತಿ ಸುತ್ತಿಗೂ ಕಣ್ಣಿಗೆ ಬೀಳುತ್ತದೆ.

ತಾಯಂದಿರ ಅರ್ಜಿಯ ವಿಚಾರಣೆ 29ನೇ ತಾರೀಖು ಮುಂಜಾನೆ ಗೋದಾಮಿನಲ್ಲೇ ನಡೆಯಿತು. ವಿಚಾರಣೆಗೆ ಮಾತ್ರ ತಾಯಂದಿರನ್ನು ಕೂಸಿನ ಸಮೇತ ಒಳಗೆ ಬಿಡುತ್ತಾರೆ. ಸಭಾಂಗಣದ ನಿರ್ವಾಹಕರು ಮಹಾಬಳೇಶಪ್ಪ ಎಂಬವರು. ಕೆಟ್ಟ ಮನುಷ್ಯರಲ್ಲ. ಅವರು ಎದ್ದು ನಿಂತು ಆ ಮೂವತ್ತೆರಡು ನಿಮಿಷದ ಒಂದು ತುಣುಕನ್ನು ಕೇಳಿಸಿದರು. “ಕೇಳ್ರಿ. ಮುನ್ನೂರು ಮಂದಿ ಕೂತಾರ. ಒಂದ ಕೆಮ್ಮು ಕೇಳ್ತೈತೇನು? ಹಿಂಗ ಕೂತು ಕೇಳಿದ ಹಿರ್ಯಾರ ಊರು ಇದು” ಎಂದರು. ಹಿಂದಿನ ಸಾಲಿನಿಂದ ಕಸ್ತೂರೆವ್ವ, “ಸಾಹೇಬ್ರ, ಮುನ್ನೂರು ಮಂದ್ಯಾಗ ಒಬ್ಬರೂ ಕೆಮ್ಮಲಿಲ್ಲಂದ್ರ ಅವರು ಹಾಡ ಕೇಳಾಕ ಬಂದಿದ್ದಿಲ್ಲ, ಮಣ್ಣಾಗ ಮಲಗಿದ್ರು” ಎಂದಳು. ಜನ ನಗೆ ತಡೆದುಕೊಂಡರು, ನಿಯಮವಿತ್ತಲ್ಲ. ಮಹಾಬಳೇಶಪ್ಪನವರು ನನ್ನ ಕಡೆ ತಿರುಗಿ, “ಇದನ್ನ ಶುದ್ಧ ಮಾಡಿದವರು ಇಲ್ಲೇ ಅದಾರ. ಅವರನ್ನ ಕೇಳೋಣು. ಕೂಸುಗಳು ಇದ್ವೇನ್ರಿ, ಅವತ್ತು?” ಎಂದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹೊನ್ನಿ ಅತ್ತಳು. ಗುರುತಿಲ್ಲದ ಅಷ್ಟು ದನಿ, ಅಷ್ಟು ಮುಖ. “ತಾಯಾರ, ಒಂಚೂರು ಹೊರಗ...” ಎಂದರು ಅವರು, ಸೌಜನ್ಯದಿಂದಲೇ. ನಾನು ಎದ್ದು ಹೊರಗೆ ಬಂದುಬಿಟ್ಟೆ. ದಾನಕ್ಕ, ಬೇರೆ ಯಾರಿಗೂ ಹೇಳದ ಮಾತು ಇದು: ಮಗಳು ಅತ್ತದ್ದಕ್ಕೆ ಆ ಕ್ಷಣ ನನಗೆ ಸಮಾಧಾನವಾಯಿತು. ತೆಗೆದುಹಾಕಿದ್ದನ್ನು ಶೋಧಕರು ಹೊರಗೆ ಹೇಳುವಂತಿಲ್ಲ; ಹೇಳಿದರೆ ನನ್ನ ಪರವಾನಗಿ ಹೋಗುತ್ತಿತ್ತು. ಇಷ್ಟು ವರ್ಷ ಊರು ತಲೆದೂಗಿದ ಹಾಡು ಅರ್ಧ ಸುಳ್ಳು ಎಂದಾಗುತ್ತಿತ್ತು. ಚಪ್ಪರದ ಕೆಳಗೆ ನಿಂತು ಅವಳ ಬೆನ್ನು ತಟ್ಟುತ್ತ, ತಪ್ಪಿಸಿಕೊಂಡೆ ಎಂದುಕೊಂಡೆ. ಮಗಳ ಅಳುವಿನ ಹಿಂದೆ ಬಚ್ಚಿಟ್ಟುಕೊಂಡ ತಾಯಿ ನಾನು. ನೀವು ಎದ್ದಾಗ ಕೂಡ್ರು ಎನ್ನಲು ಒಬ್ಬರಿದ್ದರು, ನನಗೂ ಒಬ್ಬರಿದ್ದರು. ಕಸ್ತೂರೆವ್ವ ಹಿಂದಿನಿಂದ “ಹೋಗಬ್ಯಾಡ, ಕೂಡ್ರ ಪಾರಿ!” ಎಂದು ಕೂಗಿದ್ದು ನನಗೆ ಚೆನ್ನಾಗಿಯೇ ಕೇಳಿಸಿತ್ತು. ಕೇಳಿಸುವುದು ನನ್ನ ಕಸುಬು.

ಕೊನೆಯ ವಿಚಾರಣೆ ನಾಡಿದ್ದು, 36ನೇ ತಾರೀಖು. ಉಸಿರು ಬಿಗಿಹಿಡಿದು ಕೂರಲು ಈಗ ಬರುವವರೇ ಕಡಿಮೆ; ಅರ್ಜಿ ಬಿದ್ದುಹೋದರೆ ಗೋದಾಮನ್ನು ಅರವತ್ತು ಆಲಿಕೆಗೂಡುಗಳಾಗಿ ಒಡೆಯುತ್ತಾರೆ. ಹೊನ್ನಿಗೆ ಆರನೆಯ ದನಿಯನ್ನು ನಾನು ಎಲ್ಲಿಂದ ತರಲಿ? ಈ ಸಲ ಹೋಗುತ್ತೇನೆ. ಅವಳನ್ನು ಎತ್ತಿಕೊಂಡೇ ಹೋಗುತ್ತೇನೆ. ಅತ್ತರೆ ಅಳಲಿ, ಎದ್ದು ಹೋಗುವುದಿಲ್ಲ. ನಡೆದದ್ದನ್ನೆಲ್ಲ ಹೇಳುತ್ತೇನೆ. ಸಾಕ್ಷಿ ಏನು ಎಂದು ಕೇಳುತ್ತಾರೆ. ಸಾಕ್ಷಿಯನ್ನು ನಾನೇ ಅಳಿಸಿದ್ದೇನೆ ಎಂದರೆ ಯಾರು ನಂಬುತ್ತಾರೆ? ಕೂಸಿಗಾಗಿ ಕಥೆ ಕಟ್ಟಿದಳು ಎನ್ನುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ.

ಅದಕ್ಕೇ ನಿಮ್ಮಲ್ಲಿ ಒಂದು ಬೇಡಿಕೆ. ಜೋರಾಗಿ ಮಾತಾಡಿ, ಮೈಕಿಗೆ ಇನ್ನೂ ಹತ್ತಿರ ಕೂಡ್ರಿ ಎಂದು ಕೇಳುವುದಿಲ್ಲ; ಮುದ್ರಣವಾಗಿ ಬಂದದ್ದನ್ನೆಲ್ಲ ಆ ಇಪ್ಪತ್ತನಾಲ್ಕರ ಹುಡುಗಿ ಅಳಿಸಿಯೇ ತೀರುತ್ತಾಳೆ. ಅವಳ ಕೈಗೆ ಸಿಗದ ದಾರಿ ಒಂದೇ. ಚಂಪಿ ದೊಡ್ಡವಳಾದ ಮೇಲೆ ಅವಳಿಗೆ ಹೇಳಿ. ಜಡೆ ಹಾಕುವಾಗ, ರೊಟ್ಟಿ ಬಡಿಯುವಾಗ, ಅವಳು ಬೇಸರದಿಂದ “ಸಾಕ ಬಿಡವ್ವಾ, ನೂರ ಸರ್ತಿ ಹೇಳಿ” ಅನ್ನುವಷ್ಟು ಸಲ ಹೇಳಿ: ನೀ ಮಲಗಿದ್ದಿ ಅಂತ ಒಂದು ಮುಂಜಾನೆ ಸಾಲಿಮಠ ಅಜ್ಜಾರು ದನಿ ಇಳಿಸಿ ಹಾಡಿದ್ರು, ಮುನ್ನೂರು ಮಂದಿ ಬಾಯಿಗೆ ಬಟ್ಟಿ ಹಿಡಕೊಂಡು ಕೆಮ್ಮಿದ್ರು, ಚಿಟಿಕಿ ಹೊಡದ್ರು. ಅವಳು ಅವಳ ಮಗಳಿಗೆ ಹೇಳಲಿ, ಆ ಮಗಳು ತನ್ನ ಮಗಳಿಗೆ. ಹೆಸರು ಮರೆತರೂ ಅಡ್ಡಿಯಿಲ್ಲ, ಚಿಟಿಕೆ ಮರೆಯದಿರಲಿ.

ನಾಡಿದ್ದು ನಾನು ಚಿಟಿಕೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆ ತಕ್ಷಣ ಕೂರುವುದಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು, ಒಂದಿಷ್ಟು ಹೊತ್ತು ಹಿಂದಿನ ಸಾಲುಗಳ ಕಡೆ ನೋಡುತ್ತ ನಿಂತಿರುತ್ತೇನೆ. ಯಾರಾದರೂ ಚಿಟಿಕೆ ಹೊಡೆದಾರೇನೋ ಎಂದು.

ನಿಮ್ಮ
ಪಾರಿಜಾತಾ, ಹೊನ್ನಿಯ ತಾಯಿ