ಮೇಷ್ಟ್ರ ವಾಚಿನ ಗೀರು

ಮಾರ್ಚ್ 4

ಬೆಳಿಗ್ಗೆಯಿಂದ ಲ್ಯಾಬಿನಲ್ಲಿ ಹಲ್ಲಿನ ಕ್ಯಾಪ್ ಮಾಡುವ ಕೆಲಸ. ಒಂದರ ಬಣ್ಣ ಓವನ್ನಿನಲ್ಲಿ ಹಳದಿಗೆ ತಿರುಗಿತು. ಡೆಂಟಿಸ್ಟ್ ಬೈಯುತ್ತಾರೆ. ಬೈಯಲಿ.

ಊಟದ ಬಿಡುವಿನಲ್ಲಿ ನನ್ನ ವೆಬ್‌ಸೈಟ್ ತೆರೆದೆ, ಜನ ತಮ್ಮ ತಮ್ಮ ವಾಚಿನ ಫೋಟೊ ಹಾಕುವ ಜಾಗ. ಹೊಸ ಫೋಟೊ ಎರಡು. ಒಂದನ್ನು ವಾಪಸ್ ಕಳಿಸಿದೆ — ವಾಚನ್ನು ಉಜ್ಜಿ ಮಿರಿಮಿರಿ ಮಾಡಿ ಫೋಟೊ ತೆಗೆದಿದ್ದಾನೆ ಮಹಾನುಭಾವ. ನಮ್ಮ ಸೈಟಿನ ನಿಯಮ ಅವನಿಗೆ ಗೊತ್ತಿಲ್ಲವೇ? ಕೈಯಿಂದ ಬಿಚ್ಚಿದ ಹಾಗೆಯೇ ಫೋಟೊ. ಗೀರು, ಕಲೆ, ಬೆವರಿನ ಗುರುತು, ಎಲ್ಲವೂ ಇರಬೇಕು. ಎಲ್ಲ ವಾಚೂ ಒಂದೇ ಕಂಪನಿ, ಒಂದೇ ಮಾಡೆಲ್. ಇದು ಇವರದು, ಅದು ಅವರದು ಎಂದು ಹೇಳುವುದು ಗೀರು ಮಾತ್ರ. ಕಳುವಾದ ಎಷ್ಟೋ ವಾಚುಗಳು ಆ ಫೋಟೊ ತೋರಿಸಿ ವಾಪಸ್ ಸಿಕ್ಕಿವೆ. ಯಾರ ವಾಚಿನಲ್ಲಿ ಯಾವ ಗೀರು ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಜಂಬವಲ್ಲ. ಸರಿ, ಜಂಬವೇ.

ಆ ವಾಚ್ ಕಂಪನಿಯಿಂದ ಮತ್ತೆ ಮೇಲ್. ಸೈಟ್ ಕೊಂಡುಕೊಳ್ಳುತ್ತಾರಂತೆ! ಅತ್ತೆಗೆ ಹೇಳಿದೆ.

"ಆ ಕಂಪನಿ ವಾಚು ನಿನ್ನ ಹತ್ರ ಒಂದಾದ್ರೂ ಇದೆಯಾ?"

"ಇಲ್ಲ ಅತ್ತೆ. ಅದನ್ನ ಕೊಳ್ಳೋ ಯೋಗ್ಯತೆ ನಮಗೆಲ್ಲಿದೆ?"

"ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರೆ. ನಿನಗೆ ಹಲ್ಲು ಲ್ಯಾಬ್ ತುಂಬಾ ಇದೆ. ಕಡಲೆ ಮಾತ್ರ ಊರೋರದ್ದು."

ಇವರು, ನಮ್ಮ ಯಜಮಾನರು, ತಟ್ಟೆಯ ಮುಂದೆ ಬಗ್ಗಿಕೊಂಡು ನಕ್ಕರು. ನನಗೂ ನಗು ಬಂತು.

ಮಾರ್ಚ್ 19

ಕಂಪನಿಯವನು ಲ್ಯಾಬಿಗೇ ಬಂದ. ಅವನಿಗಿಂತ ಮೊದಲು ಅವನ ಸೆಂಟು ಬಂತು. ಸೆಂಟು ಸಾಹೇಬ ಎಂದು ಹೆಸರಿಟ್ಟಿದ್ದೇನೆ. ಅಚ್ಚಿನ ಪುಡಿ ಮೆತ್ತಿದ ಸ್ಟೂಲನ್ನು ಕರವಸ್ತ್ರದಿಂದ ಒರೆಸಿ ಕೂತ.

ಸೈಟು, ಅದರ ಹೆಸರು, ಮೇಲ್, ಫೋಟೊಗಳು — ಎಲ್ಲ ಅವರಿಗೆ. ನನ್ನ ಹತ್ತಿರ ಒಂದು ಕಾಪಿಯೂ ಇರಬಾರದು. ನಾನು ಇನ್ನು "ಸಲಹೆಗಾರರು". ಪ್ರತಿ ಪುಟದ ಕೆಳಗೂ ನನ್ನ ಹೆಸರು ಹಾಕುತ್ತಾರಂತೆ.

ಒಂದೇ ಮಾತು ಕೇಳಿದೆ. ಫೋಟೊಗಳು ಹೇಗಿವೆಯೋ ಹಾಗೇ ಇರಬೇಕು.

"ಅಯ್ಯೋ ಮೇಡಂ, ನಿಮ್ಮ ಮನೆ ಇದು. ನಾವು ಕಾಂಪೌಂಡ್ ಕಟ್ತೀವಿ ಅಷ್ಟೆ."

ಇವರಿಗೆ ಹೇಳಿದೆ. "ಅದನ್ನ ಪತ್ರದಲ್ಲಿ ಬರೆಸ್ಕೋ" ಎಂದರು. ಬರೆಸಿಕೊಳ್ಳುತ್ತೇನೆ.

ಏಪ್ರಿಲ್ 2

ಸಹಿ ಆಯಿತು. ಬರೆಸಿಕೊಳ್ಳಲಿಲ್ಲ. ಅಷ್ಟು ದೊಡ್ಡ ಮೇಜು, ಅಷ್ಟು ಜನ, ಎಲ್ಲರ ಕೈಯಲ್ಲೂ ಪೆನ್ನು... ಸಣ್ಣತನ ಅನ್ನಿಸಿತು. ಮನೆಗೆ ಬಂದು ಕಾಪಿಗಳನ್ನೆಲ್ಲ ಅಳಿಸಿದೆ. ಮಾತು ಅಂದರೆ ಮಾತು.

ಮುಖಪುಟದಲ್ಲಿ ನನ್ನ ಹೆಸರು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ಪಕ್ಕದ ಮನೆಯವರನ್ನೂ ಕರೆದು ತೋರಿಸಿದರು.

ಜೂನ್ 11

ಎರಡು ತಿಂಗಳಿಂದ ಇದನ್ನು ಮುಟ್ಟಿಲ್ಲ. ಬರೆಯಲು ಏನಿತ್ತು? ಸೈಟಿನ ಮೇಲೆ "ನವೀಕರಣ ನಡೆಯುತ್ತಿದೆ" ಎಂಬ ಬೋರ್ಡು. ಸಲಹೆಗಾರರನ್ನು ಒಂದು ಸಲಹೆ ಕೇಳಿದವರಿಲ್ಲ.

ಇವತ್ತು ಮೇಷ್ಟ್ರ ಫೋನು. ಡ್ರಾಯಿಂಗ್ ಮೇಷ್ಟ್ರು, ರಿಟೈರ್ ಆದವರು, ಸೈಟಿಗೆ ಮೊದಮೊದಲು ಸೇರಿದವರಲ್ಲಿ ಒಬ್ಬರು. ಕಂಪನಿ ಇಷ್ಟು ದೊಡ್ಡದಾಗುವ ಮೊದಲೇ ವಾಚ್ ಕೊಂಡಿದ್ದರು. ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಹೋದಾಗ ಬಿಚ್ಚಿಟ್ಟದ್ದು ಮಾಯ. ಈಗ ಹಳೇ ವಾಚು ಮಾರುವವನೊಬ್ಬನ ಅಂಗಡಿಯ ಗಾಜಿನೊಳಗೆ ಕಂಡಿದೆಯಂತೆ. ವಾಚಿನ ಹಿಂಬದಿಯ ನಂಬರು ಉಜ್ಜಿ ಹಾಕಿದ್ದಾರೆ. ಗೀರು ಇದೆ.

"ಅದೇ ಗೀರು ತಾಯಿ, ಮಂಚದ್ದು."

ಗೊತ್ತು. ಕಬ್ಬಿಣದ ಮಂಚವನ್ನು ಮಹಡಿಗೆ ಹತ್ತಿಸುವಾಗ ಗೋಡೆಗೆ ತಗುಲಿ ಆದದ್ದು. ಮಂಚದ ಇನ್ನೊಂದು ತುದಿ ಹಿಡಿದಿದ್ದವರು ಅವರ ಹೆಂಡತಿ. ಈಗ ಅವರಿಲ್ಲ.

ಮೇಷ್ಟ್ರು ದೂರು ಕೊಟ್ಟ ಮೇಲೆ ವಾಚು ಪೊಲೀಸರ ಕೈಯಲ್ಲಿದೆ. ಇನ್‌ಸ್ಪೆಕ್ಟರ್ ಪುರಾವೆ ಕೇಳಿದ್ದಾರೆ. ಇರುವ ಪುರಾವೆ ನಮ್ಮ ಸೈಟಿನ ಫೋಟೊ ಒಂದೇ. ಮೇಷ್ಟ್ರಿಗೆ ಫೋಟೊ ತೆಗೆದುಕೊಟ್ಟ ಅವರ ಪಕ್ಕದ ಮನೆಯವರ ಫೋನು ಎಂದೋ ಕೆಟ್ಟುಹೋಗಿದೆ.

"ಚಿಂತೆ ಬಿಡಿ ಮೇಷ್ಟ್ರೇ, ಸೈಟು ತೆರೆದ ದಿನವೇ ಪ್ರಿಂಟ್ ಕೊಡ್ತೀನಿ" ಎಂದೆ.

ಜೂನ್ 16, ಬೆಳಿಗ್ಗೆ 11

ಸೈಟ್ ತೆರೆದಿದೆ. ಮೇಣ ಬಿಸಿಗಿಟ್ಟದ್ದು ಮರೆತು ಲ್ಯಾಬೆಲ್ಲ ಹೊಗೆ.

ಒಂದು ವಾಚಿನಲ್ಲೂ ಗೀರಿಲ್ಲ.

ಎಲ್ಲ ಫೋಟೊಗಳನ್ನೂ ತಿದ್ದಿದ್ದಾರೆ. ಕಲೆ ಇಲ್ಲ, ಬೆವರಿಲ್ಲ. ಮುಳ್ಳುಗಳನ್ನೂ ತಿರುಗಿಸಿದ್ದಾರೆ — ಜಾಹೀರಾತಿನಲ್ಲಿ ಇರುತ್ತದಲ್ಲ, ಹಾಗೆ ಎಲ್ಲದರಲ್ಲೂ ಹತ್ತು ಗಂಟೆ ಹತ್ತು ನಿಮಿಷ. ಸೈಟಿನ ಹಳೇ ಸದಸ್ಯರದ್ದೆಲ್ಲ — ಹಡಗಿನ ಅಡುಗೆಯವರ ವಾಚು, ಅಂಚೆಯಮ್ಮನ ವಾಚು, ಮೇಷ್ಟ್ರದ್ದು. ಒಂದೇ ಬಸುರಿನ ಮಕ್ಕಳು. ಕೆಳಗೆ ದಪ್ಪಕ್ಷರದಲ್ಲಿ: ಪರಿಶೀಲಿಸಿದವರು — ನಾನು.

ಮಧ್ಯಾಹ್ನ 3

ಸೆಂಟು ಸಾಹೇಬನಿಗೆ ಫೋನ್ ಮಾಡಿದೆ.

"ನೋಡಿದ್ರಾ ಮೇಡಂ? ಈಗ ಅಂಗಡಿಯಿಂದ ಬಂದ ಹಾಗಿದೆ. ಮುಂಚೆ ಆಸ್ಪತ್ರೆ ವಾರ್ಡ್ ಥರ ಇತ್ತು."

"ಮೂಲ ಫೋಟೊಗಳು ಎಲ್ಲಿ?"

"ಹೊಸದು ಬಂದ ಮೇಲೆ ಹಳೇದು ಯಾಕೆ? ಡಿಲೀಟ್."

ಎಷ್ಟು ಸಲೀಸಾಗಿ ಹೇಳಿದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಫೋನಿಟ್ಟ ಮೇಲೆ ಒಬ್ಬಳೇ ಬೈದುಕೊಂಡೆ, ಅವನನ್ನು ಸ್ವಲ್ಪ, ನನ್ನನ್ನು ಜಾಸ್ತಿ.

ಜೂನ್ 20

ಜನ ಬಿಟ್ಟು ಹೋಗುತ್ತಿದ್ದಾರೆ. ಹಡಗಿನ ಅಡುಗೆಯವರು ಹೋಗುವಾಗ ಒಂದೇ ಸಾಲು ಬರೆದರು: "ಅಕ್ಕ, ನನ್ನ ವಾಚು ಹೀಗಿಲ್ಲ." ಅಂಚೆಯಮ್ಮನೂ ಹೋದರು.

ಗೊತ್ತಿದ್ದವರಿಗೆಲ್ಲ ಫೋನ್ ಮಾಡಿ ಕೇಳುತ್ತಿದ್ದೇನೆ, ಮೇಷ್ಟ್ರ ಹಳೇ ಫೋಟೊ ಯಾರಾದರೂ ಇಟ್ಟುಕೊಂಡಿದ್ದೀರಾ ಎಂದು. "ಸೈಟು ಮಾರಿಕೊಂಡೋರನ್ನೇ ಕೇಳಿ" ಎಂದರು ಒಬ್ಬರು. ತಪ್ಪೇನೂ ಹೇಳಲಿಲ್ಲ.

ಜೂನ್ 24

ಠಾಣೆಗೆ ಹೋಗಿದ್ದೆ, ಮೇಷ್ಟ್ರ ಜೊತೆ. ಫೋಟೊ ಇಲ್ಲವೆಂದು ಹೇಳೋಣ ಎಂದು ಹೋದರೆ ಅಂಗಡಿಯವನು ಮೊದಲೇ ಒಂದು ತಂದಿದ್ದ. ಬಣ್ಣದ ಪ್ರಿಂಟು. ನಮ್ಮ ಸೈಟಿನದೇ.

"ನೋಡಿ ಸರ್, ಇದು ಇವರ ವಾಚಿನ ಫೋಟೊ. ಕಂಪನಿಯವರೇ ಹಾಕಿದಾರೆ, ಈಯಮ್ಮನೇ ಚೆಕ್ ಮಾಡಿದಾರೆ. ಇದರಲ್ಲಿ ಗೀರು ಎಲ್ಲಿದೆ? ನನ್ನ ವಾಚಲ್ಲಿದೆ. ಅಂದ್ಮೇಲೆ ಅದು ಇವರದ್ದು ಹೇಗಾಗುತ್ತೆ?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಫೋಟೊ ತಿದ್ದಿದ್ದು, ಅದು ಸುಳ್ಳು ಎಂದೆ. "ನಿಮ್ಮ ಹೆಸರೇ ಇದೆಯಲ್ಲ" ಎಂದರು ಇನ್‌ಸ್ಪೆಕ್ಟರ್. ಗೀರು ಎಲ್ಲಿದೆ ಎಂದು ಮೇಷ್ಟ್ರು ಹೇಳಹೊರಟರೆ ಅಂಗಡಿಯವನು ತಡೆದ. ಗಾಜಿನ ಹೊರಗೆ ನಿಂತು ನೋಡಿಕೊಂಡು ಹೋಗಿದ್ದಾರೆ, ಯಾರು ಬೇಕಾದರೂ ಹೇಳುತ್ತಾರೆ, ಎಂದ.

ಇನ್‌ಸ್ಪೆಕ್ಟರ್ ಆ ಪ್ರಿಂಟನ್ನು ಫೈಲಿಗೆ ಸೇರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಈ ವಾಚನ್ನ ನೀವು ಕಣ್ಣಾರೆ ನೋಡಿಲ್ಲ?"

"ಇಲ್ಲ ಸರ್. ಹಳೇ ಫೋಟೊ ಮಾತ್ರ."

"ಸೋಮವಾರ ಬನ್ನಿ. ಫೋಟೊ ಸುಳ್ಳು ಅಂತ ಹೇಳಿಕೆ ಕೊಡಿ. ಗೀರು ಎಲ್ಲಿ, ಯಾವ ಕಡೆಗೆ, ಎಷ್ಟುದ್ದ — ಕಾಗದದ ಮೇಲೆ ಬರೆದು ತೋರಿಸಿ. ಆಮೇಲೆ ವಾಚು ತೆಗಿಸ್ತೀನಿ. ಸರಿಹೋದ್ರೆ ಅವರದ್ದು. ಅಲ್ಲೀವರೆಗೂ ನೀವಿಬ್ಬರೂ ಗೀರಿನ ಮಾತು ಆಡಬಾರದು."

ಹೊರಗೆ ಬಂದ ಮೇಲೆ ಮೇಷ್ಟ್ರ ಮುಖದಲ್ಲಿ ಎಷ್ಟು ನೆಮ್ಮದಿ. "ಗೆದ್ದ ಹಾಗೇ ತಾಯಿ. ನಿಮಗಿಂತ ಬೇಕಾ?"

ಜೂನ್ 26

ಯಾರು ಹೇಳಿದರೋ, ಸೆಂಟು ಸಾಹೇಬ ಮನೆಗೇ ಬಂದ. ಫೋಟೊ ಸುಳ್ಳು ಎಂದು ಸಹಿ ಮಾಡಿದರೆ ಒಪ್ಪಂದ ಮುರಿದ ಹಾಗಂತೆ, ಕೋರ್ಟಿಗೆ ಎಳೆಯುತ್ತಾರಂತೆ. ಸುಮ್ಮನಿದ್ದರೆ ಮೇಷ್ಟ್ರಿಗೆ ಹೊಸ ವಾಚ್ ಕೊಡುತ್ತಾರಂತೆ, ಪೆಟ್ಟಿಗೆ ಸಮೇತ.

ಮೇಷ್ಟ್ರಿಗೆ ಅವನ ಎದುರಿಗೇ ಫೋನ್ ಮಾಡಿದೆ.

"ಹೊಸದು ಯಾಕಮ್ಮಾ? ಅವಳು ಹೊಸ ವಾಚು ನೋಡಿರಲಿಲ್ಲ."

ಅತ್ತೆ ಅಡುಗೆಮನೆಯಿಂದಲೇ ಕೇಳಿಸಿಕೊಂಡರು. ಹೊರಗೆ ಬಂದು ಸಾಹೇಬನಿಗೆ ಚಪ್ಪಲಿ ಎಲ್ಲಿದೆ ತೋರಿಸಿದರು — ಅವನದೇ ಚಪ್ಪಲಿ, ಬಾಗಿಲ ಹತ್ತಿರ ಇದ್ದದ್ದು. ಇವರು "ಕೋರ್ಟಾದರೆ ಕೋರ್ಟು, ನೋಡ್ಕೊಳ್ಳೋಣ" ಎಂದರು. ಬರೆಸ್ಕೋ ಅಂದಿದ್ದೆನಲ್ಲ ಎಂದು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಜೂನ್ 28

ಕಂಪನಿ ಸೈಟ್ ಮುಚ್ಚಿದೆ. "ಓದುಗರ ಆಸಕ್ತಿ ಕಡಿಮೆಯಾದ ಕಾರಣ." ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಇಷ್ಟು ವರ್ಷ ಕೂಡಿಟ್ಟದ್ದು ನನಗೂ ಇಲ್ಲ, ಕೊಂಡವರಿಗೂ ಇಲ್ಲ. ಅಳು ಬಂತು, ಅತ್ತುಬಿಟ್ಟೆ.

ಪರವಾಗಿಲ್ಲ. ನಾಳೆ ಒಂದು ಗೀರು ಸರಿಯಾಗಿ ಬರೆದುಕೊಟ್ಟರೆ ಸಾಕು.

ಜೂನ್ 29, ಬೆಳಿಗ್ಗೆ 10ರ ಮೇಲೆ

ಠಾಣೆಯ ಬೆಂಚು. ಮೇಷ್ಟ್ರು ಪಕ್ಕದಲ್ಲಿ, ಇಸ್ತ್ರಿ ಮಾಡಿದ ಅಂಗಿ. ಎಡಗೈ ತೋಳು ಈಗಲೇ ಮೇಲಕ್ಕೆ ಮಡಚಿಕೊಂಡಿದ್ದಾರೆ, ವಾಚ್ ಕಟ್ಟಿಕೊಳ್ಳಲು. ಹೇಳಿಕೆಗೆ ಸಹಿ ಹಾಕಿ ಕೊಟ್ಟೆ. ಫೋಟೊ ಸುಳ್ಳು, ನನ್ನ ಹೆಸರಿದ್ದರೂ ಸುಳ್ಳು. ಗೀರು ಬರೆಯುವುದು ಮಾತ್ರ ಬಾಕಿ. ಕರೆಯುತ್ತಾರೆ.

ಅಲ್ಲಿಯವರೆಗೆ ಇಲ್ಲೇ ಒಂದು ಸಲ ಬರೆದು ನೋಡೋಣ ಎಂದು ಕೂತೆ. ವೃತ್ತ ಬರೆದೆ. ಅಂಕಿಗಳು. ಮುಳ್ಳುಗಳು. ಬರೆದ ಮೇಲೆ ನೋಡಿದರೆ ಮುಳ್ಳುಗಳು ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಂತಿವೆ.

ಮೇಷ್ಟ್ರ ಫೋಟೊದಲ್ಲಿ ಗಂಟೆ ಎಷ್ಟಾಗಿತ್ತು?

ಕಣ್ಣು ಮುಚ್ಚಿದೆ. ಕಂಡದ್ದು ತಿದ್ದಿದ ಫೋಟೊ, ಒರೆಸಿದ ಮುಖದ ವಾಚು. ಮತ್ತೆ ಮುಚ್ಚಿದೆ. ಅದೇ. ಈ ಹತ್ತು ಹನ್ನೆರಡು ದಿನ ಅದನ್ನೇ ಎಷ್ಟು ಸಲ ದಿಟ್ಟಿಸಿ ನೋಡಿದೆನೋ, ಸಿಟ್ಟಿನಲ್ಲಿ. ಗೀರು ಕೆಳಗಿತ್ತು. ಬಲಕ್ಕೆ... ಬಲಕ್ಕೇ ಇತ್ತೇ? ಈ ಡೈರಿ ಹಿಂದಕ್ಕೆ ತಿರುವಿ ನೋಡಿದೆ. ಮಂಚ ಬರೆದಿದ್ದೇನೆ, ಗೋಡೆ ಬರೆದಿದ್ದೇನೆ, ಗೀರು ಎಲ್ಲಿ ಎಂದು ಬರೆದಿಲ್ಲ. ಗೊತ್ತಿದ್ದದ್ದನ್ನು ಯಾರು ಬರೆದಿಡುತ್ತಾರೆ.

ಕೇಳಬಹುದು. ಮೊಣಕೈ ದೂರದಲ್ಲಿ ಕೂತಿದ್ದಾರೆ. ಕೇಳಬಾರದು.

ನಾನು ಬರೆಯುವುದನ್ನು ಮೇಷ್ಟ್ರು ನೋಡಿದರು. ನೋಡಬಾರದೆಂದು ತಕ್ಷಣ ಮುಖ ಆ ಕಡೆ ತಿರುಗಿಸಿಕೊಂಡರು. ನಗುತ್ತಿದ್ದಾರೆ. "ನೀವು ಕಣ್ಣು ಮುಚ್ಚಿಕೊಂಡು ಹೇಳೋರು, ಬಿಡಿ" ಎಂದರು ಗೋಡೆಗೆ.

ಕರೆದರು. ಬಲಕ್ಕೆ. ಇಲ್ಲ —