ಪೀರಪ್ಪನ ಕೈಯಲ್ಲಿ ಹೇಳಿಕಳಿಸಿದ್ದು

ಅಕ್ಕಾ,

ಇವತ್ತು ಕಲಬುರಗಿಯ ನಮ್ಮ ಶಾಲೆಯಲ್ಲಿ ಹುಡುಗರಿಗೆ 'ರಿಮೆಂಬರ್' ಎಂಬ ಇಂಗ್ಲಿಷ್ ಕ್ರಿಯಾಪದ ಕಲಿಸಿದೆ. ಕಳೆದದ್ದು ನೆನಪಿರುವುದಕ್ಕೂ ಅದೇ, ಮಾಡಬೇಕಾದ ಕೆಲಸ ಮರೆಯದೆ ಮಾಡುವುದಕ್ಕೂ ಅದೇ. ದೂರದವರಿಗೆ 'ಕೇಳಿದೆನೆಂದು ಹೇಳಿ' ಎಂದು ಹೇಳಿಕಳಿಸುವಾಗಲೂ ಇಂಗ್ಲಿಷರು ಅದೇ ಮಾತು ಬಳಸುತ್ತಾರೆ. ಉದಾಹರಣೆಗೆಂದು ಹಲಗೆಯ ಮೇಲೆ ನಿನ್ನ ಹೆಸರನ್ನೇ ಬರೆದೆ.

ಹೊರಗೆ ಬಂದರೆ ನಿಮ್ಮೂರು ಕಮಲಾಪುರದ ಪೀರಪ್ಪ ಗಾಡಿ ನಿಲ್ಲಿಸಿಕೊಂಡಿದ್ದ. ನೀನು ತೀರಿಕೊಂಡು ಮೂರು ತಿಂಗಳಾದರೂ ನಿನ್ನ ಹಿತ್ತಲಿನ ಕೆಂಪು ಬಾಳೆಹಣ್ಣು ತಂದುಕೊಟ್ಟ. ಹೊರಟವನಿಗೆ, ಹನ್ನೊಂದು ವರ್ಷದ ರೂಢಿ ನೋಡು, "ಅಕ್ಕಗ ಕೇಳೀನಂತ ಹೇಳಪಾ" ಎಂದುಬಿಟ್ಟೆ.

ಪೀರಪ್ಪ ಹಗ್ಗ ಎಳೆದು ಎತ್ತು ನಿಲ್ಲಿಸಿದ. ನಾನು ನೆಲ ನೋಡಿದೆ.

"ಮಾಸ್ತರ್ರಿ, ನೀವು ಇಷ್ಟ ಹೇಳಿ ಕಳಸ್ತಿದ್ರಿ. ಆಕಿ ಮಾತ್ರ 'ಯಾವಾಗ ಬರ್ತಾನಂತ?' ಅಂತ ಕೇಳ್ತಿದ್ಳು. ನಮ್ಮೂರ ಮುಂದಿನ ಸಂತಿಗಿ ಬರ್ತಾರಂತ ಅಂತ ನಾನ ಹೇಳ್ತಿದ್ದೆ. ತಪ್ಪಾತೇನ್ರಿ?"

"ನಂಬ್ತಿದ್ಳೇನು?"

"ಪ್ರತಿ ಸಂತಿ ದಿನ ನಿಮ್ಮ ಹೆಸರ್ಲೆ ಎರಡು ರೊಟ್ಟಿ ತೆಗೆದು ಇಡ್ತಿದ್ಳರಿ. ಹೊತ್ತು ಮುಳುಗಿದ ಮ್ಯಾಲ ಅವು ನನಗ ಕೊಡ್ತಿದ್ಳು."

ಅವನನ್ನು ಬೈಯಲು ಬಾಯಿ ಬರಲಿಲ್ಲ. ಕಮಲಾಪುರ ಗಾಡಿಯಲ್ಲಿ ಒಂದು ಹಗಲಿನ ದಾರಿ, ಅಷ್ಟೇ. ಹನ್ನೊಂದು ವರ್ಷ ನನ್ನ ರೊಟ್ಟಿಯನ್ನು ಪೀರಪ್ಪ ತಿಂದ, ಅಕ್ಕಾ.