ಬೆಲ್ಲದ ಬಂಡೆಗೆ ಬಾರದ ಕರಡಿಗಳು

ಅಳತೆ ತಂಡದವರೇ, ಹೆದರಿದ ಕರಡಿಗಳನ್ನು ಅಳೆಯದೆಯೇ ಬೆಟ್ಟದಲ್ಲಿ ಹೆದರಿಕೆಯಿಲ್ಲ ಎಂದು ಬರೆದಿದ್ದೀರಿ. ಸೋಮವಾರ ಆ ವರದಿಗೆ ಸಹಿ ಬೀಳುತ್ತದೆ. ಗಣಿಗೆಂದು ಕರಿಗುಂಡು ಬೆಟ್ಟಕ್ಕೆ ಸಿಡಿಮದ್ದು ಇಡಲು ಅದೊಂದೇ ಸಾಕು.

ಇದನ್ನು ಬರೆಯುತ್ತಿರುವುದು ನಿಮ್ಮ ಕಾಲಕ್ಕಿಂತ ಬಹಳ ಮುಂದೆ, 2171ರ ಫೆಬ್ರವರಿ ಮೂವತ್ತರಂದು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ನಾನು ಪಂಪಕ್ಕ. ಶಾಲೆ ಕಂಡವಳಲ್ಲ, ಕರಪತ್ರ ಓದಿ ಕಲಿತವಳು. ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಕ್ಷಮೆ ಕೇಳುವುದು ಅಷ್ಟಕ್ಕೆ ಮಾತ್ರ.

ಕರಡಿಯನ್ನು ಕಟ್ಟದೆ, ಸೂಜಿ ಚುಚ್ಚದೆ, ಅದರ ಹಿಕ್ಕೆಯಿಂದಲೇ ಒತ್ತಡದ ಹಾರ್ಮೋನು ಅಳೆಯುವ ನಿಮ್ಮ ವಿದ್ಯೆ ಒಳ್ಳೆಯದೇ. ಆ ಹಾರ್ಮೋನನ್ನು ನಾವು ದಿಗಿಲುರಸ ಎನ್ನುತ್ತೇವೆ. ಆದರೆ ನೀವು ಹಿಕ್ಕೆ ಆಯ್ದದ್ದು ಎಲ್ಲಿ? ಪ್ರವಾಸಿಗರಿಗೆ ಕರಡಿ ಕಾಣಲೆಂದು ದಿನಾ ಸಂಜೆ ಬೆಲ್ಲದ ಪಾಕ ಸವರುವ ಬಂಡೆಯ ಸುತ್ತ. ಜೀಪಿನ ಸದ್ದಿಗೆ ಅಳುಕದ ಕರಡಿ ಮಾತ್ರ ಅಲ್ಲಿಗೆ ಬರುತ್ತದೆ. ಮರಿಗಳನ್ನು ಬೆನ್ನ ಮೇಲೆ ಹೊತ್ತು ಹಿಂಬದಿಯ ಗವಿಗಳಲ್ಲಿ ಅಡಗಿದ ತಾಯಿ ಕರಡಿಗಳ ಹಿಕ್ಕೆ ನಿಮ್ಮ ಡಬ್ಬಿಗೆ ಬರಲೇ ಇಲ್ಲ. ಬಂಡೆಯ ಕರಡಿಗಳ ಅಂಕಿಯನ್ನು ಮೃಗಾಲಯದ ಬೋನಿನ ಕರಡಿಗಳ ಅಂಕಿಯ ಪಕ್ಕದಲ್ಲಿಟ್ಟು, ಎರಡೂ ಕಡೆ ನೆಮ್ಮದಿ ಎಂದಿರಿ. ಆ ತಪ್ಪು ಕರಡಿಗಳಿಗೇ ಮುಗಿಯಲಿಲ್ಲ.

ನಮಗೆ ಬೆಟ್ಟವಿಲ್ಲ. ಅದು ಇದ್ದ ಕಡೆ ದೊಡ್ಡ ಗುಂಡಿ, ಗುಂಡಿಯ ಅಂಚಿನಲ್ಲಿ ನಮ್ಮ ಊರು. ಸಿಡಿತ ನಿಂತಿಲ್ಲ, ಇನ್ನೂ ಕೆಳಕ್ಕೆ ಇಳಿದಿದೆ. ಪ್ರತಿ ಮನೆಯ ಗೋಡೆಗೂ ಕಂಪತಡೆ ಹೊಡೆದಿದ್ದೇವೆ, ಎಂದರೆ ಹಳೆಯ ಟೈರಿನ ಹೊದಿಕೆ. ತಟ್ಟೆ ನೆಲದ ಮೇಲೆ ನಿಲ್ಲದು; ಮಕ್ಕಳು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತವೆ. ಗಣಿಯವರು ಬಿಟ್ಟಿ ಅನ್ನದ ಸಾಲಿನಲ್ಲಿ ನಿಂತವರ ಕೂದಲು ಕತ್ತರಿಸಿ ದಿಗಿಲುರಸ ಅಳೆಯುತ್ತಾರೆ. ಊರು ಶಾಂತವಾಗಿದೆಯಂತೆ. ನನ್ನ ಅಕ್ಕ ಗಾಳೆವ್ವ ಸಿಡಿತದ ಭಯಕ್ಕೆ ಹೊಸ್ತಿಲು ದಾಟುವುದಿಲ್ಲ, ಗೋಡೆಗೆ ಬೆನ್ನು ಕೊಟ್ಟೇ ನಿದ್ರಿಸುತ್ತಾಳೆ. ಅವಳ ಕೂದಲನ್ನು ನಾನೇ ಒಯ್ದು ಕೊಟ್ಟಾಗ ಗಣಿಯ ಅಳತೆಯವನು ನಕ್ಕ. "ಸಾಲಿಗೆ ಬರದಾಕಿ ಲೆಕ್ಕಕ್ಕ ಬರಂಗಿಲ್ಲ, ತಂಗಿ. ಈ ಪದ್ಧತಿ ನಾವು ಹುಟ್ಟಿಸಿದ್ದಲ್ಲ, ಕರಡಿ ಅಳದವರ ಕಾಲದ್ದು. ಹೋಗು, ಅವರನ್ನ ಕೇಳು."

ಕೇಳುತ್ತಿದ್ದೇನೆ. ವಿನಂತಿ ಎಂದುಕೊಳ್ಳಬೇಡಿ. ಸಹಿ ಬೀಳುವ ಮೊದಲು ಖಾಲಿ ಡಬ್ಬಿಗಳನ್ನು ಹಿಡಿದು ಗವಿಗಳ ಕಡೆಗೆ ನಡೆದು ಬನ್ನಿ. ಜೀಪು ಬೇಡ. ನನ್ನ ಕಾಲದಲ್ಲಿ ಆ ಜಾಗ ಬರೀ ಗಾಳಿ. ಅದರ ಅಂಚಿಗೆ ಅಕ್ಕನನ್ನು ಹೇಗಾದರೂ ಹೊಸ್ತಿಲು ದಾಟಿಸಿ, ಕೈಹಿಡಿದು ಕರೆತಂದು ನಿಲ್ಲುತ್ತೇನೆ. ನೀವು ಬಂದಿರೋ ಇಲ್ಲವೋ ಎಂಬುದು ನಮ್ಮ ಕಾಲಡಿಯ ನೆಲದ ನಡುಕ ನಿಂತಿದೆಯೇ ಎಂಬುದರಿಂದಲೇ ಗೊತ್ತಾಗುತ್ತದೆ. ಈ ಭಾನುವಾರ, ಬೆಳಿಗ್ಗೆ ಆರು ಗಂಟೆಗೆ.